ಮಧುಪಾನಕ್ಕೆ ಇಪ್ಪತ್ತೊಂಬತ್ತು ಅಂಕ

ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಲಾಕ್ಷಣಿಕರು ಕಟ್ಟುಮಾಡಿ ಹೋಗಿದ್ದಾರೆ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ ಎಂದು ಬೆರಳು ಮಡಿಸುತ್ತ ಹೋದರೆ ಒಂಬತ್ತನೆಯ ಬೆರಳಿಗೆ ಮಧುಪಾನ ಬರುತ್ತದೆ. ಪ್ರತಿ ವರ್ಷವೂ ತರಗತಿಯಲ್ಲಿ ನಾನು ಆ ಬೆರಳನ್ನು ಮಡಿಸುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಂದು ಕೆಮ್ಮು ಕೇಳಿಬರುವುದು ರೂಢಿ. ಒಂದು ವರ್ಷ ಕೆಮ್ಮಿನ ಬದಲು ಪ್ರಶ್ನೆಯೇ ಬಂದಿತು: “ಸರ್, ಈ ಹದಿನೆಂಟರಾಗ ನೀವು ಸ್ವತಃ ಅನುಭವಿಸಿ ಪಾಠಾ ಹೇಳೂವು ಎಷ್ಟು?” ಕಾರವಾರದಲ್ಲಿ ಸಮುದ್ರವನ್ನೂ ನವನಗರದ ಮನೆಯ ಮಾಳಿಗೆಯಿಂದ ಸೂರ್ಯೋದಯವನ್ನೂ ಕಂಡಿದ್ದೇನೆ, ಮಧುಪಾನವನ್ನು ಮಾತ್ರ ಟೀಕೆ-ಟಿಪ್ಪಣಿಗಳಿಂದ ಬಲ್ಲೆ ಎಂದು ಉತ್ತರ ಕೊಟ್ಟೆ. ತರಗತಿ ನಕ್ಕಿತು. ಪಂಪನ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ಬೀದಿ ಅಲೆಯುತ್ತ ಪಾನಗೋಷ್ಠಿಯನ್ನು ನೋಡುವ ಭಾಗವನ್ನು ನಾನು ಶಬ್ದಾರ್ಥ ಹೇಳಿ ದಾಟಿಸಿಬಿಟ್ಟೆ.

ಆ ಉತ್ತರ ಕಳೆದ ಬೇಸಿಗೆಯ ರಜೆಯವರೆಗೆ ಸತ್ಯವಾಗಿತ್ತು. ಈಗ ಇಲ್ಲ. ನಾನು ಒಂದು ಬಿಯರಿನ ರುಚಿ ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲದೆ ಉತ್ತರಪತ್ರಿಕೆಗೆ ಕೊಡುವಂತೆ ಅದಕ್ಕೆ ಅಂಕಗಳನ್ನೂ ಕೊಟ್ಟಿದ್ದೇನೆ. ವಾಚಕರು ಹುಬ್ಬೇರಿಸುವ ಮೊದಲು ಸಂಗತಿಯನ್ನು ಮೊದಲಿನಿಂದ ಹೇಳುವುದು ಒಳ್ಳೆಯದು.

ನಮ್ಮ ಕಾಕಾನಿಗೆ ಒಬ್ಬನೇ ಮಗ. ನನಗಿಂತ ಎಂಟು ವರ್ಷ ಚಿಕ್ಕವನು. ನಾನು ಸೈಕಲ್ಲಿನ ಮುಂದೆ ಕೂಡಿಸಿಕೊಂಡು ಉಣಕಲ್ ಕೆರೆಯ ದಂಡೆಯವರೆಗೆ ಒಯ್ದು ಬೆಳೆಸಿದ ತಮ್ಮ. ಹುಬ್ಬಳ್ಳಿಯಲ್ಲಿ ರಾಸಾಯನಿಕ ಇಂಜಿನಿಯರಿಂಗು ಮುಗಿಸಿ ಬೆಂಗಳೂರಿನಲ್ಲಿ ಔಷಧ ತಯಾರಿಸುವ ಒಂದು ಕಂಪನಿಗೆ ಸೇರಿದ. ಮನೆಯವರು ಕನ್ಯೆ ನೋಡಲು ಆರಂಭಿಸಿದ್ದರು. ಅಷ್ಟರಲ್ಲಿ ಅವನು ಆ ನೌಕರಿಯನ್ನು ಬಿಟ್ಟು, ಬಿಯರನ್ನು ಅಲ್ಲಿಯೇ ಕಾಸಿ ಅಲ್ಲಿಯೇ ಬಡಿಸುವ ಒಂದು ಕಿರು ಮದ್ಯಾಗಾರವನ್ನು ಸೇರಿದ್ದಾನೆಂಬ ಸುದ್ದಿ ಬಂದಿತು. ಕಳೆದ ಹದಿನೈದು ವರ್ಷಗಳಲ್ಲಿ ಬೆಂಗಳೂರಿನಲ್ಲಿ ಇಂಥ ಸ್ಥಳಗಳು ಹತ್ತಾರು ಹುಟ್ಟಿಕೊಂಡಿವೆ. ಸುದ್ದಿ ಬಂದ ದಿನ ಕಾಕಾ ಒಂದು ಮಾತನ್ನೂ ಆಡಲಿಲ್ಲ. ಆಮೇಲೆ ಎರಡು ವರ್ಷಗಳವರೆಗೂ ಮಗನೊಡನೆ ಆಡಲಿಲ್ಲ.

ಕಾಕಾನ ಮೌನಕ್ಕೆ ಕಾರಣ ತಿಳಿಯಬೇಕಾದರೆ ನಮ್ಮ ಅಜ್ಜನ ಕಥೆ ಹೇಳಬೇಕು. ನವಲಗುಂದದ ಕಡೆ ನಮಗೆ ಎಂಟು ಎಕರೆ ಎರೆಹೊಲವಿತ್ತು. ಧಾರವಾಡ ಜಿಲ್ಲೆ ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ ೧೯೪೯ರ ಮುಂಬಯಿ ಪಾನನಿಷೇಧ ಕಾಯಿದೆ ನಮ್ಮ ಮೇಲೆಯೂ ಇತ್ತು. ಏಕೀಕರಣದ ತರುವಾಯ ಮೈಸೂರು ರಾಜ್ಯವೂ ೧೯೬೧ರಲ್ಲಿ ತನ್ನದೇ ಆದ ಪಾನನಿಷೇಧ ಕಾಯಿದೆಯನ್ನು ಮಾಡಿತು. ಆದರೆ ಕಾಯಿದೆಯ ಹೊಟ್ಟೆಯಲ್ಲಿಯೇ ಕಳ್ಳಭಟ್ಟಿಯೂ ಇತ್ತು. ಅಜ್ಜ ಅದರ ಖಾಯಂ ಗಿರಾಕಿಯಾಗಿದ್ದ. ಹಿತ್ತಾಳೆಯ ತಂಬಿಗೆಯನ್ನು ಕೈಗೆ ಕೊಟ್ಟು, ಮೇಲೆ ಮಜ್ಜಿಗೆಗೆಂಬಂತೆ ಬಟ್ಟೆ ಮುಚ್ಚಿ, ಅವನು ಹಳ್ಳದಾಚೆಗೆ ಕಳುಹಿಸುತ್ತಿದ್ದುದು ಏಳು ವರ್ಷದ ಕಿರಿಯ ಮಗನನ್ನು. ಆ ಕಿರಿಯ ಮಗನೇ ಕಾಕಾ. ಒಂದು ಸಂಜೆ ತಂಬಿಗೆ ಜಾರಿ ಬಿದ್ದುದಕ್ಕೆ ಬಿದ್ದ ಪೆಟ್ಟಿನ ಗುರುತು ಅವನ ಎಡಹುಬ್ಬಿನ ಮೇಲೆ ಇಂದಿಗೂ ಇದೆ. ಎಂಟು ಎಕರೆ ಒಂದೊಂದಾಗಿ ಹೋಯಿತು. ಕಾಕಾ ಓದಿ ಪ್ರಾಥಮಿಕ ಶಾಲೆಯ ಮಾಸ್ತರನಾದ. ಸಂವಿಧಾನದ ೪೭ನೆಯ ಅನುಚ್ಛೇದವನ್ನು ಮಕ್ಕಳಿಗೆ ಕಂಠಪಾಠ ಮಾಡಿಸಿದ. ೨೦೦೭ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ದಿನ ಶಾಲೆಗೆಲ್ಲ ಪೇಡೆ ಹಂಚಿದ. ಅಂಥವನ ಮಗ ಬಿಯರು ಕಾಸಲು ಹೋದರೆ ಮನೆ ಹೇಗಿರಬೇಕು?

ತಮ್ಮ ಏಪ್ರಿಲಿನಲ್ಲಿ ಒಂದು ರಾತ್ರಿ ಫೋನು ಮಾಡಿದ.

“ಅಣ್ಣಾ, ಸೂಟಿ ಬಿದ್ದಮ್ಯಾಲ ಒಮ್ಮಿ ಬಾ. ನಾ ಸ್ವಂತ ಕೂಡಿಸಿ ಮಾಡಿದ್ದೊಂದು ಬಿಯರ್ ಐತಿ. ಬೆಲ್ಜಿಯಂ ಪದ್ಧತಿದು, ಬ್ಲಾಂಡ್ ಅಂತಾರ. ನೀ ರುಚಿ ನೋಡಿ ಮಾರ್ಕ್ಸ್ ಕೊಡಬೇಕು.”

“ನಾನು ಕುಡಿಯುವವನಲ್ಲವೋ.”

“ಅದಕ್ಕ ಕರ್ಯಾಕತ್ತೇನಿ. ಇಲ್ಲಿ ಕುಡದವರೆಲ್ಲಾ ‘ಸೂಪರ್’ ಅಂತಾರ. ಮಾಲಕರೂ ಸೂಪರ್ ಅಂತಾರ, ದೋಸ್ತರೂ ಸೂಪರ್ ಅಂತಾರ. ಖರೇ ಹೇಳಾವ ಒಬ್ಬಾಂವ ಬೇಕು. ನಿನ್ನ ನಾಲಿಗಿ ನಂಗ ಗೊತ್ತೈತಿ.”

ನಾಲಿಗೆಯ ಮಾತು ನಮ್ಮ ಮನೆಯಲ್ಲಿ ಹಳೆಯದು. ಗುರೆಳ್ಳ ಚಟ್ನಿಪುಡಿಯನ್ನು ಬಾಯಿಗೆ ಹಾಕಿಕೊಂಡು ಗುರೆಳ್ಳು ಹೋದ ವರ್ಷದ್ದೆಂದು ಹೇಳಿಬಿಡುತ್ತಿದ್ದೆ. ಲೈನ್ ಬಜಾರದ ಪೇಡೆಗೂ ಬೇರೆ ಅಂಗಡಿಯ ಪೇಡೆಗೂ ಕಣ್ಣು ಮುಚ್ಚಿ ವ್ಯತ್ಯಾಸ ತೋರಿಸುತ್ತಿದ್ದೆ. ಇದರಿಂದ ಹೆಂಗಸರಿಗೆ ನನ್ನ ಮೇಲೆ ಸಿಟ್ಟೇ ಹೊರತು ಗೌರವವೇನೂ ಇರಲಿಲ್ಲ. ಈ ವಿದ್ಯೆ ಮುಂದೊಂದು ದಿನ ಇಂಥ ಪರೀಕ್ಷೆಗೆ ಒಡ್ಡಿಕೊಂಡೀತೆಂದು ಯಾರು ಎಣಿಸಿದ್ದರು? ನಾನು ಒಪ್ಪಿಕೊಂಡೆ.

ಹೊರಡುವ ಹಿಂದಿನ ಸಂಜೆ ಕಾಕಾ ನಮ್ಮ ಮನೆಗೆ ಬಂದ. ನವನಗರದಲ್ಲಿ ಅವನ ಮನೆಗೂ ನಮ್ಮ ಮನೆಗೂ ಎರಡೇ ಓಣಿಗಳ ಅಂತರ. ಆದರೂ ಕಾರಣವಿಲ್ಲದೆ ಬರುವವನಲ್ಲ. ಚಹಾ ಕುಡಿದು, ಅಮರಗೋಳದ ಎಪಿಎಮ್‌ಸಿಯಲ್ಲಿ ಹೆಸರಿನ ಧಾರಣೆ ಇಳಿದುದನ್ನು ಹೇಳಿ, ಚಿಗರಿ ಬಸ್ಸಿನ ಗದ್ದಲವನ್ನು ಬೈದು, ಎದ್ದು ನಿಂತ ಮೇಲೆ ಚಪ್ಪಲಿ ಮೆಟ್ಟುತ್ತ ಅಂದ:

“ಬೆಂಗಳೂರಿಗೆ ಹೊಂಟೀಯಂತ. ಅವನ್ನ ನೋಡಿ ಬಾ. ಎಂಥ ಜಾಗಾ, ಎಂಥ ಕೆಲಸಾ, ಏನ್ ಐತಿ ಅದನ್ನ ಹೇಳು. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ.”

ಹೀಗೆ ಒಂದೇ ಪ್ರಯಾಣದಲ್ಲಿ ಇಬ್ಬರು ನನ್ನನ್ನು ಪರೀಕ್ಷಕನನ್ನಾಗಿ ನೇಮಿಸಿದರು. ಮಗನಿಗೆ ಅವನ ಬಿಯರಿನ ಬೆಲೆ ಬೇಕಾಗಿತ್ತು, ತಂದೆಗೆ ಮಗನದು. ಹುಬ್ಬಳ್ಳಿಯ ನಿಲ್ದಾಣದಲ್ಲಿ ಜಗತ್ತಿಗೇ ಉದ್ದವಾದ ೧,೫೦೭ ಮೀಟರಿನ ಪ್ಲಾಟ್‌ಫಾರಮ್ಮು ೨೦೨೩ರಲ್ಲಿ ಆಯಿತೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆ ರಾತ್ರಿ ನನ್ನ ಡಬ್ಬಿಯನ್ನು ಹುಡುಕುತ್ತ ನಡೆದಾಗ ಅದು ಇನ್ನೂ ಉದ್ದವಾಗಿ ತೋರಿತು.

ಆ ಸ್ಥಳ ನಾನು ಕಲ್ಪಿಸಿಕೊಂಡಿದ್ದ ಗಡಂಗಿನಂತಿರಲಿಲ್ಲ. ಬೆಳಗಿನ ಹತ್ತು ಗಂಟೆಗೆ ಗಿರಾಕಿಗಳಿಲ್ಲದೆ ತೊಳೆದು ಒರೆಸಿದ ಅಡುಗೆಮನೆಯಂತಿತ್ತು. ಗಾಜಿನ ಗೋಡೆಯ ಹಿಂದೆ ಆಳೆತ್ತರದ ಉಕ್ಕಿನ ಹಂಡೆಗಳು. ತಮ್ಮ ಮೊಣಕಾಲಿನವರೆಗೆ ರಬ್ಬರಿನ ಬೂಟು ಹಾಕಿಕೊಂಡು ಒಂದು ಹಂಡೆಯೊಳಗೆ ತಲೆ ಹಾಕಿ ತಿಕ್ಕುತ್ತಿದ್ದ. “ಈ ಕೆಲಸದಾಗ ಮುಕ್ಕಾಲು ಪಾಲು ಭಾಂಡೆ ತಿಕ್ಕೂದ ಅಣ್ಣಾ,” ಎಂದು ನಕ್ಕ. ಎರಡು ವರ್ಷಗಳಲ್ಲಿ ಸೊರಗಿದ್ದ, ಅಂಗೈ ಒರಟಾಗಿತ್ತು.

ಅವನು ಎಲ್ಲವನ್ನೂ ತೋರಿಸಿದ. ಜವೆಗೋಧಿಯನ್ನು, ಅಂದರೆ ಬಾರ್ಲಿಯನ್ನು, ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟು. ಕೂಸುಗಳಿಗೆ ರಾಗಿಯನ್ನು ಮೊಳೆಯಿಸಿ ಹಿಟ್ಟು ಮಾಡುವ ಕ್ರಮವೇ ಅದು. ಆ ಮಾಲ್ಟನ್ನು ಒಡೆದು ಸುಮಾರು ೬೫ ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ತಾಸು ಇಟ್ಟರೆ ಕಾಳಿನೊಳಗಿನ ಪಿಷ್ಟ ತಾನಾಗಿ ಸಕ್ಕರೆಯಾಗುತ್ತದೆ. ಸೋಸಿದ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಹೂ ಹಾಕಿ ಕುದಿಸುತ್ತಾರೆ. ಕಹಿಯೂ ಪರಿಮಳವೂ ಬಾಳಿಕೆಯೂ ಅದರಿಂದ. ಆರಿಸಿದ ಮೇಲೆ ಯೀಸ್ಟನ್ನು ಸೇರಿಸಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಗಾಳಿಯನ್ನೂ ಬಿಡುತ್ತದೆ. ಇದು ಜೀವಂತ ಯೀಸ್ಟಿನ ಕೆಲಸವೆಂದು ಖಚಿತಪಡಿಸಿದವನು ಪಾಶ್ಚರ್; ಬಿಯರಿನ ಮೇಲೆ ಅವನು ೧೮೭೬ರಲ್ಲಿ ಒಂದು ಗ್ರಂಥವನ್ನೇ ಬರೆದ.

ಬೆಲ್ಜಿಯಂನವರ ವಿಶೇಷ ಎರಡು. ಒಂದು, ಅವರ ಯೀಸ್ಟು. ಯಾವ ಹಣ್ಣನ್ನೂ ಯಾವ ಮಸಾಲೆಯನ್ನೂ ಹಾಕದಿದ್ದರೂ ಅದು ಬಾಳೆ, ಪೇರುಹಣ್ಣು, ಲವಂಗಗಳನ್ನು ನೆನಪಿಸುವ ಪರಿಮಳಗಳನ್ನು ತಾನೇ ಹುಟ್ಟಿಸುತ್ತದೆ. ಇನ್ನೊಂದು, ಸಕ್ಕರೆ. ಸಕ್ಕರೆ ಹಾಕಿದರೆ ಬಿಯರು ಸಿಹಿಯಾಗುವುದೆಂದು ನಾನು ತಿಳಿದಿದ್ದೆ. ನಿಜಸ್ಥಿತಿ ತಿರುಗುಮುರುಗು. ಯೀಸ್ಟು ಅದನ್ನು ಪೂರ್ತಿ ತಿಂದುಬಿಡುವುದರಿಂದ ಮದ್ಯಸಾರ ಏರಿ ಪಾನೀಯ ತೆಳುವಾಗಿ ಒಣಗುತ್ತದೆ. ಅಲ್ಲಿಯವರು ಬೀಟ್‌ಗೆಡ್ಡೆಯ ಸಕ್ಕರೆ ಹಾಕುತ್ತಾರೆ, ಅದನ್ನು ಕ್ಯಾಂಡಿ ಎನ್ನುತ್ತಾರೆ. ತಮ್ಮ ಹಾಕಿದ್ದು ನಮ್ಮ ಬೆಳಗಾವಿ ಸೀಮೆಯ ಕಬ್ಬಿನ ಸಕ್ಕರೆ. ಕ್ಯಾಂಡಿ ಎಂಬ ಶಬ್ದವೇ ನಮ್ಮ ‘ಖಂಡ’ದಿಂದ ಅರಬರ ಮೂಲಕ ಹೋದದ್ದೆಂದು ನಾನು ಹೇಳಿದಾಗ ಅವನು, “ಹಂಗಾರ ಇದು ತವರಿಗೆ ಬಂದಂಗಾತು,” ಎಂದ.

ಈ ಬಿಯರುಗಳ ಹಿಂದೆ ಮಠಗಳಿವೆ ಎಂಬುದು ನನಗೆ ಹೊಸದು. ತಮ್ಮ ಕೈಯ ದುಡಿಮೆಯಿಂದಲೇ ಬದುಕಬೇಕೆಂಬ ಸಂತ ಬೆನೆಡಿಕ್ಟನ ನಿಯಮಕ್ಕೆ ಕಟ್ಟುಬಿದ್ದ ಕ್ರೈಸ್ತ ಸಂನ್ಯಾಸಿಗಳು ಗಿಣ್ಣು ಮಾಡಿದರು, ರೊಟ್ಟಿ ಮಾಡಿದರು, ಬಿಯರನ್ನೂ ಮಾಡಿದರು. ಬೆಲ್ಜಿಯಂನ ಶಿಮೆ ಮಠದಲ್ಲಿ ೧೮೬೨ರಿಂದ ಬಿಯರು ಆಗುತ್ತಿದೆ. ಮ್ಯೂಸ್ ನದಿಯ ದಂಡೆಯ ಲೆಫ್ ಮಠ ಹುಟ್ಟಿದ್ದು ೧೧೫೨ರಲ್ಲಿ, ಸರಿಸುಮಾರು ನಮ್ಮ ಕಲ್ಯಾಣದ ಶರಣರ ಕಾಲದಲ್ಲಿ. ಅದರ ಹೆಸರಿನ ಹೊಂಬಣ್ಣದ ಬಿಯರನ್ನು ಇಂದು ಒಂದು ದೊಡ್ಡ ಕಂಪನಿ ಮಾಡಿ ಜಗತ್ತಿಗೆಲ್ಲ ಕಳಿಸುತ್ತದೆ. ಬ್ಲಾಂಡ್ ಎಂದರೆ ಹೊಂಗೂದಲಿನ ಬಣ್ಣ. ಈ ಬಗೆ ಬಹಳ ಪುರಾತನವಲ್ಲ. ತಿಳಿಬಣ್ಣದ ಪಿಲ್ಸ್ ಬಿಯರಿಗೆ ಒಗ್ಗಿದ ಜನರನ್ನು ಒಲಿಸಿಕೊಳ್ಳಲು ಮಾಡಿದ್ದು. ಬೆಲ್ಜಿಯಂನ ಬಿಯರು ಸಂಸ್ಕೃತಿಯನ್ನು ಯುನೆಸ್ಕೋ ೨೦೧೬ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ.

ತಮ್ಮ ನನ್ನ ಮುಂದೆ ಒಂದು ಹಾಳೆ ಇಟ್ಟ. ಅಮೆರಿಕದಲ್ಲಿ ೧೯೮೫ರಲ್ಲಿ ಆರಂಭವಾದ ಬಿಯರು ತೀರ್ಪುಗಾರರ ಒಂದು ಸಂಸ್ಥೆ ಇಂಥ ಹಾಳೆಯನ್ನು ರೂಢಿಗೆ ತಂದಿದೆಯಂತೆ. ವಾಸನೆಗೆ ೧೨, ನೋಟಕ್ಕೆ ೩, ರುಚಿಗೆ ೨೦, ಬಾಯಲ್ಲಿ ಕೂಡುವ ರೀತಿಗೆ ೫, ಒಟ್ಟಿನ ಪರಿಣಾಮಕ್ಕೆ ೧೦, ಕೂಡಿದರೆ ೫೦. ನನಗೆ ಮನೆಗೆ ಬಂದಂತಾಯಿತು. ವರ್ಷಕ್ಕೆರಡು ಬಾರಿ ಕೆಂಪು ಪೆನ್ನು ಹಿಡಿದು ನೂರಾರು ಉತ್ತರಪತ್ರಿಕೆಗಳ ಮುಂದೆ ಕೂಡುವವನಿಗೆ ಐವತ್ತರ ಲೆಕ್ಕಕ್ಕಿಂತ ಪರಿಚಿತವಾದದ್ದು ಯಾವುದಿದೆ? ಮಾದರಿ ಉತ್ತರವೂ ಇತ್ತು: ಮದ್ಯಸಾರ ಶೇಕಡಾ ೬ರಿಂದ ೭.೫, ಹೊನ್ನಿನ ಬಣ್ಣ, ದಟ್ಟವಾದ ಬಿಳಿಯ ನೊರೆ, ಮೃದುವಾದ ಮಾಲ್ಟಿನ ಸಿಹಿ, ಹಣ್ಣು-ಮಸಾಲೆಗಳ ಸೂಕ್ಷ್ಮ ಛಾಯೆ, ಕೊನೆಯಲ್ಲಿ ಒಣಗಿದ ಮುಕ್ತಾಯ. ನಮ್ಮಲ್ಲಿ ಸಾಧಾರಣ ಬಿಯರು ಶೇಕಡಾ ೫ರ ಆಸುಪಾಸಿನದಾದ್ದರಿಂದ ಇದು ನೋಡಲು ಸಾಧು, ಒಳಗೆ ಗಟ್ಟಿ.

ಅವನು ಹಂಡೆಯ ಪಕ್ಕದ ಸಣ್ಣ ನಲ್ಲಿಯಿಂದ, ಬಾಯಿ ಕಿರಿದಾದ ದುಂಡು ಗಾಜಿನ ಲೋಟಕ್ಕೆ ನಾಲ್ಕು ಬೆರಳಷ್ಟು ಹಿಡಿದುಕೊಟ್ಟ. ದ್ರಾಕ್ಷಾರಸದ ಪರೀಕ್ಷಕರು ಉಗುಳುತ್ತಾರಂತೆ. ಬಿಯರಿನ ಪರೀಕ್ಷಕನು ನುಂಗಲೇಬೇಕು, ಏಕೆಂದರೆ ಕಹಿಯ ಬಾಲ ಗಂಟಲಿನ ಹತ್ತಿರ ಇರುತ್ತದೆ. ಅಜ್ಜನ ಮೊಮ್ಮಗನಾಗಿ ಆ ಲೋಟವನ್ನು ಎತ್ತುವಾಗ ನನ್ನ ಕೈ ಸ್ವಲ್ಪ ನಡುಗಿತೆಂದು ಒಪ್ಪಿಕೊಳ್ಳುತ್ತೇನೆ.

ನೋಟ ಸುಂದರವಾಗಿತ್ತು. ಸುಗ್ಗಿಯ ಸಂಜೆಯಲ್ಲಿ ಒಣಹುಲ್ಲಿನ ಬಣವೆಯ ಮೇಲೆ ಬೀಳುವ ಬಿಸಿಲಿನ ಬಣ್ಣ. ಮೇಲೆ ಕಡೆದ ಬೆಣ್ಣೆಯಂಥ ನೊರೆ. ಸಂಕೋಚವಿಲ್ಲದೆ ಮೂರಕ್ಕೆ ಮೂರು ಬರೆದೆ. ಮೂಗಿಗೆ ಹಿಡಿದೆ. ಮೊದಲು ಹುರಿದ ಧಾನ್ಯದ, ಬೇಕರಿಯ ಬಾಗಿಲಿನ ವಾಸನೆ. ಅದರ ಬೆನ್ನಿಗೆ ಲವಂಗ, ತೀರ ಸಣ್ಣಗೆ. ಸ್ವಲ್ಪ ಬಾಳೆ. ಆಮೇಲೆ ಇನ್ನೊಂದು ಬಂದಿತು. ಅದು ಹಾಳೆಯ ಮಾದರಿ ಉತ್ತರದಲ್ಲಿರಲಿಲ್ಲ. ಗುಟುಕರಿಸಿದೆ. ಮಾಲ್ಟಿನ ಸಿಹಿ ನಾಲಿಗೆಯ ತುದಿಯಲ್ಲಿ ಇಳಿದು, ಗಾಳಿಯ ಗುಳ್ಳೆಗಳು ಸಾಲಾಗಿ ಒಡೆದು, ಕಹಿ ಮರ್ಯಾದೆಯಿಂದ ಹಿಂದೆ ನಿಂತಿತ್ತು. ಆದರೆ ನಡುವೆ ಮತ್ತೆ ಅದೇ ಇನ್ನೊಂದು.

ರಸವನ್ನು ವಿವರಿಸುವಾಗ ಭರತನು ಅಡುಗೆಯ ದೃಷ್ಟಾಂತವನ್ನೇ ಕೊಟ್ಟಿದ್ದಾನೆ. ನಾನಾ ವ್ಯಂಜನಗಳು ಕೂಡಿದಾಗ ಒಂದು ರಸ ಹುಟ್ಟುವಂತೆ ಎಂದು. ಕೂಡದ ವ್ಯಂಜನವೊಂದು ಬೇರೆಯಾಗಿ ನಿಂತರೆ ಸಹೃದಯನಿಗೆ ಅದು ತಿಳಿಯುತ್ತದೆ, ಹೆಸರು ತಿಳಿಯದಿದ್ದರೂ. ನಾನು ಹೆಸರಿಗಾಗಿ ತಡಕಾಡಿದೆ. ಹುಳಿ ಎನ್ನಲೆ? ಅಲ್ಲ. ಒಗರೆ? ಪೂರ್ತಿ ಅಲ್ಲ. ಆಗ ಬಾಲ್ಯದ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ನವನಗರದ ಪಕ್ಕದ ನವಲೂರು ಪೇರಲಹಣ್ಣಿಗೆ ಹೆಸರಾದ ಊರು. ಹಣ್ಣಾಗುವವರೆಗೆ ತಾಳಲಾರದೆ ನಾವು ಹುಡುಗರು ತೋಟದ ಬೇಲಿಯಿಂದ ಕಿತ್ತು ಕಚ್ಚುತ್ತಿದ್ದ ಎಳೆಯ ಹಸಿರು ಕಾಯಿ. ಅದರ ಆ ಹಸಿ ವಾಸನೆ, ಹಲ್ಲು ಚುರುಗುಟ್ಟಿಸುವ ಆ ಹಸಿ ರುಚಿ.

“ಪೇರಲಕಾಯಿ,” ಎಂದೆ. “ಹಣ್ಣಲ್ಲ, ಕಾಯಿ. ಇದು ಇನ್ನೂ ಹಸಿ ಇದೆ.”

ತಮ್ಮ ಮಾತಾಡಲಿಲ್ಲ. ನಾನು ಹಾಳೆಯ ಮೇಲೆ ಬರೆದೆ: ವಾಸನೆ ೬, ನೋಟ ೩, ರುಚಿ ೧೧, ಬಾಯಲ್ಲಿ ಕೂಡುವ ರೀತಿ ೪, ಒಟ್ಟು ಪರಿಣಾಮ ೫. ಕೂಡಿಸಿದೆ. ಇಪ್ಪತ್ತೊಂಬತ್ತು.

ಹಾಳೆಯ ಕೆಳಗೆ ದರ್ಜೆಗಳನ್ನು ಅಚ್ಚುಹಾಕಿದ್ದರು. ೨೧ರಿಂದ ೨೯ರವರೆಗೆ ‘ಒಳ್ಳೆಯದು’. ೩೦ರಿಂದ ‘ಬಹಳ ಒಳ್ಳೆಯದು’. ಮೌಲ್ಯಮಾಪನ ಮಾಡಿದ ಪ್ರತಿಯೊಬ್ಬನಿಗೂ ಈ ಸಂಕಟ ಗೊತ್ತು. ಒಂದು ಅಂಕದಲ್ಲಿ ದರ್ಜೆ ತಪ್ಪಿದ ವಿದ್ಯಾರ್ಥಿಯ ಪತ್ರಿಕೆ ಕೈಯಲ್ಲಿರುವಾಗ ಪೆನ್ನು ಹಿಂದಿನ ಪುಟಗಳಿಗೆ ತಾನಾಗಿ ಹೋಗುತ್ತದೆ. ಎಲ್ಲಿಯಾದರೂ ಒಂದು ಅರ್ಧವನ್ನು ಒಂದು ಮಾಡಬಹುದೇ ಎಂದು ಹುಡುಕುತ್ತದೆ. ಇಲ್ಲಿ ಎದುರಿಗೆ ನಿಂತವನು ವಿದ್ಯಾರ್ಥಿಯಲ್ಲ, ನನ್ನ ಸೈಕಲ್ಲಿನ ಮುಂದೆ ಕೂತು ಬೆಳೆದವನು. ಒಂದು ಅಂಕದಿಂದ ನನಗೆ ಹೋಗುವುದೇನಿತ್ತು? ಆದರೆ ‘ಸೂಪರ್’ ಎನ್ನುವವರಿಂದ ಬೇಸತ್ತು ಅವನು ನನ್ನನ್ನು ಕರೆಸಿದ್ದ. ಮೂವತ್ತು ಬರೆದರೆ ನಾನೂ ಆ ಸಾಲಿನಲ್ಲಿ ಒಬ್ಬನಾಗುತ್ತಿದ್ದೆ. ಪೆನ್ನನ್ನು ಮುಚ್ಚಿದೆ.

ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತಾನೂ ಒಂದು ಗುಟುಕು ತೆಗೆದುಕೊಂಡು ಲೋಟವನ್ನು ಕೆಳಗಿಟ್ಟ.

“ನಂಗ ಗೊತ್ತಿತ್ತಣ್ಣಾ. ಗೊತ್ತಿದ್ದೂ ಮೂಗು ಮುಚ್ಚಿಕೊಂಡಿದ್ದೆ. ಇದಕ್ಕ ಅಸಿಟಾಲ್ಡಿಹೈಡ್ ಅಂತಾರ. ಹಸರ ಸೇಬಿನ ವಾಸನಿ ಅಂತ ಪುಸ್ತಕದಾಗ ಬರದಾರ.”

ಅವನು ವಿವರಿಸಿದ್ದರ ಸಾರಾಂಶ ಇಷ್ಟು. ಯೀಸ್ಟು ಸಕ್ಕರೆಯನ್ನು ಒಂದೇ ಏಟಿಗೆ ಮದ್ಯಸಾರ ಮಾಡುವುದಿಲ್ಲ. ನಡುವೆ ಈ ಹಸಿ ವಾಸನೆಯ ವಸ್ತು ಹುಟ್ಟುತ್ತದೆ. ಸಮಯ ಕೊಟ್ಟರೆ ಯೀಸ್ಟು ತಾನು ಬಿಟ್ಟದ್ದನ್ನು ತಾನೇ ಮತ್ತೆ ಎತ್ತಿಕೊಂಡು ಮದ್ಯಸಾರವಾಗಿಸುತ್ತದೆ. ಅವಸರದಿಂದ ಹಂಡೆಯನ್ನು ತಣ್ಣಗಾಗಿಸಿದರೆ ಯೀಸ್ಟು ನಿದ್ರೆ ಹೋಗುತ್ತದೆ, ಹಸಿ ಹಸಿಯಾಗಿಯೇ ಉಳಿಯುತ್ತದೆ. ವಾರಾಂತ್ಯಕ್ಕೆ ದೊಡ್ಡದೊಂದು ಕೂಟವಿತ್ತು, ಹಂಡೆ ಖಾಲಿಯಾಗಬೇಕಿತ್ತು, ಎರಡು ವಾರ ಇಡಬೇಕಾದದ್ದನ್ನು ಒಂಬತ್ತನೆಯ ದಿನಕ್ಕೆ ತಣ್ಣಗಾಗಿಸಿದ್ದ.

“ಬರೇ ಅವರ ಅವಸರಾ ಅಲ್ಲಣ್ಣಾ,” ಎಂದ ಸ್ವಲ್ಪ ತಡೆದು. “ನಂದೂ ಐತಿ. ಇದಕ್ಕ ನನ್ನ ಹೆಸರು ಹಚ್ಚತೀನಿ ಅಂದಿದ್ರು. ಪೇಪರಿನ್ಯಾಗ ಬಂದ್ರ ಅಪ್ಪಾ ನೋಡತಾನ ಅಂತ…”

ವಾಕ್ಯವನ್ನು ಅವನು ಮುಗಿಸಲಿಲ್ಲ. ಎದ್ದು ಹೋಗಿ ಹಂಡೆಯ ತಂಪನ್ನು ತೆಗೆದುಬಿಟ್ಟ. ಮಾಲಕರಿಗೆ ಫೋನು ಮಾಡಿ, ಈ ಬಿಯರು ವಾರಾಂತ್ಯಕ್ಕೆ ಆಗುವುದಿಲ್ಲ, ಬೆಚ್ಚಗೆ ಮಾಡಿ ಯೀಸ್ಟನ್ನು ಎಬ್ಬಿಸಿ ಇನ್ನೊಂದು ವಾರ ಇಡುತ್ತೇನೆ ಎಂದ. ಆ ಕಡೆಯಿಂದ ಬಂದ ಮಾತು ನನಗೆ ಕೇಳಿಸಲಿಲ್ಲ. ತಮ್ಮನ ಕಿವಿ ಕೆಂಪಾಗುವುದು ಕಾಣಿಸಿತು. “ಹೌದ್ರಿ, ತಪ್ಪು ನಂದ,” ಎಂದು ಮೂರು ಸಲ ಹೇಳಿದ. “ಆದ್ರ ಇದನ್ನ ಕೊಡಂಗಿಲ್ರಿ,” ಎಂದು ನಾಲ್ಕನೆಯ ಸಲ.

ನವನಗರಕ್ಕೆ ಮರಳಿದ ಸಂಜೆ ಕಾಕಾನ ಕಟ್ಟೆಯ ಮೇಲೆ ಕೂತು ವರದಿ ಒಪ್ಪಿಸಿದೆ. ಚಿಗವ್ವ ಬಾಗಿಲಿನ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದಳು. ಜಾಗ ಶುಭ್ರವಾಗಿದೆ, ಕೆಲಸ ಕಷ್ಟದ್ದಿದೆ, ಹುಡುಗ ಸೊರಗಿದ್ದಾನೆ, ತಾನು ಕುಡಿಯುವುದು ಪರೀಕ್ಷೆಗೆ ಬೇಕಾದ ಗುಟುಕಷ್ಟೇ ಎಂದೆ. ಅಲ್ಲಿ ಸಂಜೆಯ ಹೊತ್ತು ಕಂಡದ್ದನ್ನೂ ಬಚ್ಚಿಡಲಿಲ್ಲ. ಹೆಂಡತಿ ಮಕ್ಕಳೊಡನೆ ಬಂದು ಒಂದೇ ಲೋಟವನ್ನು ಹರಟುತ್ತ ಮುಗಿಸಿ ಎದ್ದವರಿದ್ದರು. ನಾಲ್ಕನೆಯ ಲೋಟಕ್ಕೆ ದನಿ ಏರಿಸಿ, ಬಿಲ್ಲು ತಂದ ಹುಡುಗನನ್ನು ಬೈದವನೂ ಇದ್ದ. ಆ ದನಿ ಕೇಳಿದಾಗ ನನಗೆ ಕಾಕಾನ ಹುಬ್ಬಿನ ಗುರುತು ನೆನಪಾಗಿತ್ತು. ಅದನ್ನು ಮಾತ್ರ ಹೇಳಲಿಲ್ಲ.

ಮೇಷ್ಟರ ಚಟ, ನಾಲ್ಕು ವಿಷಯ ಹೆಚ್ಚು ಹೇಳಿದೆ. ಯುರೋಪಿನ ಮಠಗಳ ಮಾತು ಬಂತು, ದುಡಿಮೆಯ ಮಾತು ಬಂತು. ನಮ್ಮ ಶರಣರಲ್ಲಿಯೂ ಹೆಂಡದ ಮಾರಯ್ಯನಿದ್ದನಲ್ಲ, ಕಸುಬನ್ನೇ ಹೆಸರಿನಲ್ಲಿ ಹೊತ್ತು ವಚನ ಬರೆದವನು ಎಂದೆ.

ಕಾಕಾ ಕನ್ನಡಕದ ಮೇಲಿನಿಂದ ನೋಡಿದ. “ಮಾರಯ್ಯ ಹೆಂಡಾ ಮಾರಿದ್ದಷ್ಟ ಓದೀಯೋ, ಬಂದವರಿಗೆ ಕುಡಿಯೂದು ಬಿಡಿಸಿದಾ ಅನ್ನೂದನ್ನೂ ಕೇಳೀಯೋ? ಕಾಯಕದ ಮಾತು ನಂಗ ಹೇಳಬ್ಯಾಡ. ತಂಬಗಿ ಹೊತ್ತಾಂವ ನಾನು.”

ನಾನು ಸುಮ್ಮನಾದೆ. ಎಂ.ಎ. ಪದವಿಗೆ ಉತ್ತರ ಹೊಳೆಯದ ಮಾತುಗಳೂ ಇರುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಅಂಕಗಳ ಸಂಗತಿ ಹೇಳಿದೆ. ಹಸಿ ವಾಸನೆಯನ್ನು, ಒಂಬತ್ತನೆಯ ದಿನವನ್ನು, ಫೋನನ್ನು, “ಕೊಡಂಗಿಲ್ರಿ” ಎಂಬುದನ್ನು.

ಚಿಗವ್ವ ತಲೆ ಎತ್ತದೆ ಅಂದಳು: “ಅಂಬಲಿ ಹುಳಿ ಬರೂದರಾಗ ಒಲಿಗೆ ಇಟ್ರ ಹಸಿನಾ ಇರತೈತಿ. ಸಣ್ಣಾಂವ ಇದ್ದಾಗಿಂದ ಅಂವಗ ತಡೀಯೂದು ಗೊತ್ತಿಲ್ಲ. ಈಗ ಕಲತಾನಂತ ಕಾಣತೈತಿ.” ಬೆಂಗಳೂರಿನ ಉಕ್ಕಿನ ಹಂಡೆಯ ಶಾಸ್ತ್ರವನ್ನೆಲ್ಲ ಅವಳು ಗಡಿಗೆಯೊಳಗೆ ಮುಗಿಸಿಬಿಟ್ಟಿದ್ದಳು.

ಕಾಕಾ ಬಹಳ ಹೊತ್ತು ರಸ್ತೆಯ ಕಡೆ ನೋಡುತ್ತ ಕೂತಿದ್ದ. ಕೊನೆಗೆ, “ಮಾಡಿದ್ದು ಕೆಟ್ಟಿತ್ತು ಅಂತ ತಾನ ಒಪ್ಪಿಕೊಂಡನಾ?” ಎಂದು ಕೇಳಿದ.

“ಒಪ್ಪಿಕೊಂಡ, ಕಾಕಾ. ಬೈಸಿಕೊಂಡೂ ಮಾರಲಿಲ್ಲ.”

“ಹಂ. ನಮ್ಮಪ್ಪಗ ಸೆರೆ ಕೊಟ್ಟಾಂವ ಒಮ್ಮೆರೆ ಹಂಗಂದಿದ್ರ…” ಎಂದು ಎದ್ದ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಮಗನು ಮಾಡಿದ್ದನ್ನು ತಾನು ಒಪ್ಪಿದೆನೆಂದು ಅವನು ಅಂದೂ ಹೇಳಲಿಲ್ಲ, ಇಂದೂ ಹೇಳಿಲ್ಲ. ಹೇಳಬೇಕೆಂದು ನಾನೂ ಅಪೇಕ್ಷಿಸುವುದಿಲ್ಲ. ಏಳು ವರ್ಷದ ಹುಡುಗನೊಬ್ಬನು ಹೊತ್ತ ತಂಬಿಗೆಯನ್ನು ಯಾವ ಮಠದ ಇತಿಹಾಸವೂ ಹಗುರ ಮಾಡಲಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಆ ನಾಲ್ಕು ಬೆರಳಿನ ಆಚೆಗೆ ಇನ್ನೊಂದು ಬೆರಳಷ್ಟು ಕುಡಿಯುವ ಆಸೆ ನನಗೆ ಹುಟ್ಟಿಲ್ಲ. ಎಂಟು ದಿನಗಳ ಮೇಲೆ ತಮ್ಮ ಫೋನು ಮಾಡಿ, ಹಸಿ ಹೋಗಿದೆ, ಮತ್ತೊಮ್ಮೆ ಬಂದು ನೋಡು ಎಂದ. ಮರುಮೌಲ್ಯಮಾಪನಕ್ಕೆ ಬೇರೆ ಪರೀಕ್ಷಕನೇ ಆಗಬೇಕೆಂಬ ನಿಯಮವಿದೆ ಎಂದು ತಪ್ಪಿಸಿಕೊಂಡೆ.

ಆದರೆ ವರದಿ ಒಪ್ಪಿಸಿದ ಆ ರಾತ್ರಿಯ ಒಂದು ಸಂಗತಿ ಉಳಿದಿದೆ. ಊಟ ಮುಗಿಸಿ ನಾನು ಬಾಗಿಲು ಹಾಕುವ ಹೊತ್ತಿಗೆ ಗೇಟಿನ ಸದ್ದಾಯಿತು. ಕಾಕಾ ನಿಂತಿದ್ದ, ಕೈಯಲ್ಲಿ ಪೇಡೆಯ ಒಂದು ಡಬ್ಬಿ. “ಮುಂದಿನ ವಾರ ಯಾರರೆ ಬೆಂಗಳೂರಿಗೆ ಹೋಗಾವ್ರಿದ್ರ ಅವಗ ಮುಟ್ಟಸು. ಚಿಗವ್ವ ಕೊಟ್ಟಾಳ,” ಎಂದ. ಚಿಗವ್ವ ಕೊಟ್ಟದ್ದಾದರೆ ಚಿಗವ್ವನೇ ತರುತ್ತಿದ್ದಳು. ನಾನು ಡಬ್ಬಿಯನ್ನು ತೆಗೆದುಕೊಂಡೆ. ಅವನು ಹೋಗಲಿಲ್ಲ.

ಮ್ಯಾಟ್ರಿಕ್ಕಿನ ಪರೀಕ್ಷೆಯಲ್ಲಿ ನನ್ನ ಗಣಿತಕ್ಕೆ ಎರಡು ಅಂಕ ಕಡಿಮೆ ಬಂದಾಗ, ಸಿಕ್ಕಿದ್ದು ನಿನ್ನದು, ಸಿಗದಿದ್ದುದು ನಿನ್ನದಲ್ಲ ಎಂದು ಗದರಿದ ಮನುಷ್ಯ ಈತ. ಮೂವತ್ತೆಂಟು ವರ್ಷಗಳ ನೌಕರಿಯಲ್ಲಿ ಯಾರ ಮಗುವಿಗೂ ಒಂದು ಅಂಕ ಹೆಚ್ಚು ಹಾಕಿದವನಲ್ಲ. ಗೇಟಿನ ಸರಪಳಿಯನ್ನು ಹಿಡಿದುಕೊಂಡು, ನನ್ನ ಮುಖ ನೋಡದೆ ಅವನು ಕೇಳಿದ:

“ಅಲ್ಲೋ, ಇಪ್ಪತ್ತೊಂಬತ್ತಕ್ಕ ನಿಲ್ಲಿಸಿದಿ. ಇನ್ನೊಂದು ಕೊಡಾಕ ಎಲ್ಲೂ ಆಸ್ಪದ ಇರಲಿಲ್ಲೇನೋ?”